ಆಯ ತಪ್ಪಿಸುವ ವಿದ್ಯೆ: ಜೂಡೋದ ‘ಕುಜುಶಿ’ ಮತ್ತು ನಮ್ಮ ಮಲ್ಲಬರಹಗಳ ಮೌನ

ಮಲ್ಲಯುದ್ಧವನ್ನು ಕುರಿತ ನಮ್ಮ ಬರಹಗಳನ್ನು, ಅವು ಕಾವ್ಯವಾಗಿರಲಿ ಶಾಸ್ತ್ರವಾಗಿರಲಿ ಅಥವಾ ಇತ್ತೀಚಿನ ಜಾನಪದ ಅಧ್ಯಯನಗಳಾಗಿರಲಿ, ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಪಟ್ಟುಗಳ ಹೆಸರುಗಳು ಹೇರಳವಾಗಿ ಸಿಗುತ್ತವೆ. ಗೆದ್ದವನ ಉತ್ಸಾಹ, ಬಿದ್ದವನ ಅವಮಾನ, ನೋಡುವವರ ಕೇಕೆ ಎಲ್ಲವೂ ಇವೆ. ಆದರೆ ಗಟ್ಟಿಯಾಗಿ ನಿಂತವನೊಬ್ಬನು ಬೀಳಲಿರುವವನಾಗಿ ಮಾರ್ಪಡುವ ಆ ಚಿಕ್ಕ ಅವಧಿಯಲ್ಲಿ ಏನು ನಡೆಯಿತು, ಯಾರು ಏನನ್ನು ಮಾಡಿದರು, ಅದನ್ನು ಹೇಗೆ ಕಲಿತಿದ್ದರು ಎಂಬ ಪ್ರಶ್ನೆಗೆ ಈ ಬರಹಗಳು ಬಹುಮಟ್ಟಿಗೆ ಉತ್ತರಿಸುವುದಿಲ್ಲ. ಕುಸ್ತಿಯ ಹೆಸರಿನಲ್ಲಿ ನಾವು ಬರೆದಿಟ್ಟಿರುವುದು ಹೆಚ್ಚಾಗಿ ಹಿಡಿತವನ್ನೂ ಕೆಡೆತವನ್ನೂ ಕುರಿತದ್ದು. ಇವೆರಡರ ನಡುವಣ ವಿದ್ಯೆಯನ್ನು ಕುರಿತದ್ದಲ್ಲ.

ಈ ನಡುವಣ ವಿದ್ಯೆಗೆ ಒಂದು ಹೆಸರು ಕೊಟ್ಟು, ಅದನ್ನು ಕಲಿಕೆಯ ಮೊದಲ ಪಾಠವನ್ನಾಗಿಸಿ, ಬರಹಕ್ಕೂ ಇಳಿಸಿದ ಪರಂಪರೆಯೊಂದು ಜಪಾನಿನಲ್ಲಿದೆ. ಜೂಡೋದಲ್ಲಿ ಇದನ್ನು ‘ಕುಜುಶಿ’ ಎನ್ನುತ್ತಾರೆ. ಆ ಪರಿಕಲ್ಪನೆ ರೂಪುಗೊಂಡ ಬಗೆಯನ್ನು, ಅದರ ಬಲವನ್ನು ಮತ್ತು ಅದರೊಳಗಿನ ತೊಡಕನ್ನು ಪರಿಶೀಲಿಸಿ, ಅದರ ಬೆಳಕಿನಲ್ಲಿ ನಮ್ಮ ಆಕರಗಳನ್ನು ಮರಳಿ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಜಪಾನಿನದು ಶ್ರೇಷ್ಠ, ನಮ್ಮದು ಕನಿಷ್ಠ ಎಂಬ ತೌಲನಿಕ ತೀರ್ಪು ಇಲ್ಲಿನ ಗುರಿಯಲ್ಲ. ಗರಡಿಯ ಮಣ್ಣಿನಲ್ಲಿ ಈ ವಿದ್ಯೆ ಇದ್ದೇ ಇದೆ. ಇಲ್ಲದಿದ್ದರೆ ಯಾವ ಪೈಲ್ವಾನನೂ ಇನ್ನೊಬ್ಬನನ್ನು ಕೆಡವಲಾಗುತ್ತಿರಲಿಲ್ಲ. ವಿದ್ಯೆ ಇದ್ದೂ ಅದರ ಮಾತು ಬರಹಕ್ಕೆ ಬಾರದೆ ಹೋದದ್ದು ಏಕೆ ಎಂಬುದು ಪ್ರಶ್ನೆ.

1

ಜೂಡೋದ ಸ್ಥಾಪಕ ಜಿಗೊರೊ ಕಾನೊ (1860-1938) ವೃತ್ತಿಯಿಂದ ಶಿಕ್ಷಣತಜ್ಞ. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಓದಿದವನು. ಮುಂದೆ ಟೋಕಿಯೋದ ಉನ್ನತ ಶಿಕ್ಷಕ ತರಬೇತಿ ಶಾಲೆಯ ಮುಖ್ಯಸ್ಥನಾಗಿ ದೀರ್ಘಕಾಲ ಕೆಲಸ ಮಾಡಿದವನು. 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಜಪಾನಿನ ಮೊದಲ ಸದಸ್ಯನಾದವನು. ಈ ಹಿನ್ನೆಲೆಯನ್ನು ಮರೆತರೆ ಕುಜುಶಿಯ ಸ್ವರೂಪ ಅರ್ಥವಾಗುವುದಿಲ್ಲ. ಅದು ಕಾಡಿನ ಋಷಿಯೊಬ್ಬನಿಗೆ ಹೊಳೆದ ರಹಸ್ಯವಲ್ಲ. ಪಾಠ ಹೇಳುವುದು ಹೇಗೆ ಎಂದು ತಲೆ ಕೆಡಿಸಿಕೊಂಡ ಮೇಷ್ಟರೊಬ್ಬನ ವಿಶ್ಲೇಷಣೆ.

ಕಾನೊ ತನ್ನ ನೆನಪುಗಳಲ್ಲಿ ಹೇಳಿಕೊಂಡಿರುವ ಎರಡು ಪ್ರಸಂಗಗಳು ಇಲ್ಲಿ ಮುಖ್ಯ. ಹದಿಹರೆಯದಲ್ಲಿ ಆತ ತೆಂಜಿನ್ ಶಿನ್ಯೊ ಪಂಥದ ಫುಕುದಾ ಹಚಿನೊಸುಕೆ ಎಂಬ ಗುರುವಿನ ಬಳಿ ಜುಜುತ್ಸು ಕಲಿಯಲು ಸೇರಿದ. ಒಂದು ದಿನ ಗುರು ಅವನನ್ನು ಒಂದು ಪಟ್ಟಿನಿಂದ ಕೆಡವಿದಾಗ ಎದ್ದು ನಿಂತು, ಕೈ ಎಲ್ಲಿರಬೇಕು, ಕಾಲು ಎಲ್ಲಿಡಬೇಕು ಎಂದು ಕೇಳಿದ. ಗುರು ಉತ್ತರ ಕೊಡದೆ ಮತ್ತೆ ಕರೆದು ಮತ್ತೆ ಕೆಡವಿದ. ಮತ್ತೆ ಕೇಳಿದ, ಮತ್ತೆ ಬಿದ್ದ. ಕೊನೆಗೆ ಗುರು ಹೇಳಿದ್ದು ಇಷ್ಟು: ಇದು ವಿವರಣೆಯಿಂದ ಬರುವ ಸಂಗತಿಯಲ್ಲ, ಸಾವಿರ ಸಲ ಮಾಡಿದರೆ ತಾನಾಗಿ ಬರುತ್ತದೆ. ನಮ್ಮ ಯಾವ ಗರಡಿಯ ಉಸ್ತಾದರ ಬಾಯಲ್ಲಿಯೂ ಈ ಮಾತು ಸಹಜವಾಗಿಯೇ ಕೇಳಿಸುತ್ತದೆ. ಸಂಗೀತದ ಗುರುಗಳೂ ಹೀಗೆಯೇ ಹೇಳುತ್ತಾರೆ.

ಎರಡನೆಯ ಪ್ರಸಂಗ ಕೆಲವು ವರ್ಷಗಳ ಬಳಿಕದ್ದು. ಫುಕುದಾ 1879ರಲ್ಲಿ ತೀರಿಕೊಂಡ. ಅವನ ಬಳಿಕ ಕಲಿಸಿದ ಇಸೊ ಮಾಸಾತೊಮೊ ಕೂಡ 1881ರಲ್ಲಿ ಕಾಲವಾದ. ಆಮೇಲೆ ಕಾನೊ ಕಿತೊ ಪಂಥದ ಈಕುಬೊ ತ್ಸುನೆತೋಶಿಯ ಶಿಷ್ಯನಾದ. 1882ರಲ್ಲಿ ಟೋಕಿಯೋದ ಐಶೋಜಿ ದೇವಾಲಯದ ಹನ್ನೆರಡು ಚಾಪೆಯ ಕೋಣೆಯೊಂದರಲ್ಲಿ ಕೊಡೊಕಾನ್ ಎಂಬ ತನ್ನ ಶಾಲೆಯನ್ನು ಆರಂಭಿಸಿದ ಮೇಲೂ ಈಕುಬೊ ಅಲ್ಲಿಗೆ ಬಂದು ಕಲಿಸುತ್ತಿದ್ದ. ಸಾಮಾನ್ಯವಾಗಿ ಗುರುವೇ ಶಿಷ್ಯನನ್ನು ಕೆಡವುತ್ತಿದ್ದ. ಒಂದು ದಿನ ಮಾತ್ರ ತಿರುಗುಮುರುಗಾಯಿತು. ಕಾನೊ ಮತ್ತೆ ಮತ್ತೆ ಗುರುವನ್ನು ಕೆಡವಿದ, ಗುರುವಿಗೆ ಒಂದೂ ಸಾಧ್ಯವಾಗಲಿಲ್ಲ. ಏನಿದರ ಗುಟ್ಟು ಎಂದು ಈಕುಬೊ ಕೇಳಿದಾಗ ಕಾನೊ ವಿವರಿಸಿದ: ಎದುರಾಳಿಯನ್ನು ಎಸೆಯುವುದಕ್ಕೆ ಮೊದಲು ಅವನ ನಿಲುವನ್ನು ಕೆಡಿಸಬೇಕು, ಎಸೆತ ಅದರ ಬಳಿಕದ ಮಾತು. ಇನ್ನು ನಿನಗೆ ಕಲಿಸಲು ನನ್ನಲ್ಲಿ ಏನೂ ಉಳಿದಿಲ್ಲ ಎಂದು ಗುರು ಹೇಳಿದನಂತೆ.

ಕೀರ್ತಿ ಬಂದ ಎಷ್ಟೋ ವರ್ಷಗಳ ಮೇಲೆ ಶಿಷ್ಯನೇ ಹೇಳಿದ ಕಥೆಯಿದು. ಗುರುವನ್ನು ಮೀರಿಸಿದ ಶಿಷ್ಯನ ಕಥೆಗೆ ಇರುವ ಸಿದ್ಧ ಆಕಾರವೂ ಇದಕ್ಕಿದೆ. ಹಾಗಾಗಿ ಇದನ್ನು ಅಕ್ಷರಶಃ ಚರಿತ್ರೆಯೆಂದು ಸ್ವೀಕರಿಸುವುದಕ್ಕಿಂತ, ಎರಡು ಪ್ರಸಂಗಗಳನ್ನು ಜೊತೆಯಾಗಿಟ್ಟು ಓದುವುದು ಫಲಕಾರಿ. ಮೊದಲನೆಯದರಲ್ಲಿ ಕೇಳಿದ ಪ್ರಶ್ನೆಗೆ ಎರಡನೆಯದರಲ್ಲಿ ಕೇಳಿದವನೇ ಉತ್ತರ ಕಂಡುಕೊಂಡಿದ್ದಾನೆ. ಆದರೆ ಪ್ರಶ್ನೆ ಬದಲಾಗಿದೆ. ಕೈ ಎಲ್ಲಿರಬೇಕು, ಕಾಲು ಎಲ್ಲಿಡಬೇಕು ಎಂಬುದು ತನ್ನ ದೇಹವನ್ನು ಕುರಿತ ಪ್ರಶ್ನೆ. ಕಾನೊ ಕಂಡುಕೊಂಡದ್ದು ಎದುರಿನವನ ದೇಹವನ್ನು ಕುರಿತ ಉತ್ತರ. ಕಲಿಯುವವನ ಗಮನ ತನ್ನಿಂದ ಎದುರಾಳಿಯ ಕಡೆಗೆ ಹೊರಳುವುದೇ ಇಲ್ಲಿನ ನಿಜವಾದ ಬೋಧನಾಕ್ರಾಂತಿ ಎಂದು ನನ್ನ ಅಭಿಪ್ರಾಯ.

ಕಿತೊ ಪಂಥದಲ್ಲಿ ಈ ಅರಿವು ಇರಲಿಲ್ಲವೆಂದು ತಿಳಿಯಬಾರದು. ಆ ಪಂಥದ ಹೆಸರಿನ ಅರ್ಥವೇ ‘ಏಳುಬೀಳು’. ಇದ್ದ ಅರಿವನ್ನು ಕಾನೊ ಬಿಡಿಸಿ ತೋರಿಸಿದ. ಒಂದು ಎಸೆತವನ್ನು ಆತ ಮೂರು ಹಂತಗಳಾಗಿ ವಿಂಗಡಿಸಿದ: ಎದುರಾಳಿಯ ನಿಲುವು ಕೆಡಿಸುವುದು ಕುಜುಶಿ, ತನ್ನ ದೇಹವನ್ನು ಎಸೆತಕ್ಕೆ ಹೊಂದಿಸಿಕೊಳ್ಳುವುದು ತ್ಸುಕುರಿ, ಎಸೆಯುವುದು ಕಾಕೆ. ಕೆಡಿಸಬಹುದಾದ ದಿಕ್ಕುಗಳನ್ನು ಎಂಟು ಎಂದು ಎಣಿಸಿದ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಮತ್ತು ನಾಲ್ಕು ಮೂಲೆಗಳಿಗೆ. ಹೆಚ್ಚುಕಡಿಮೆ ನಮ್ಮ ಅಷ್ಟದಿಕ್ಕುಗಳೇ. ದಿಕ್ಪಾಲಕರು ಮಾತ್ರ ಇಲ್ಲ.

2

‘ಕುಜುಶಿ’ ಎಂಬ ಪದವನ್ನು ಇಂಗ್ಲಿಷಿನ ಮೂಲಕ ಪಡೆದ ನಾವು ‘ಸಮತೋಲನ ಭಂಗ’ ಎಂದು ಅನುವಾದಿಸಿಕೊಳ್ಳುವುದು ರೂಢಿ. ಈ ಅನುವಾದ ಅಷ್ಟು ಸಮರ್ಪಕವಲ್ಲ. ಕುಜುಸು ಎಂಬ ಕ್ರಿಯಾಪದಕ್ಕೆ ಕುಸಿಯುವಂತೆ ಮಾಡು, ಕಟ್ಟಿದ್ದನ್ನು ಸಡಿಲಿಸು ಎಂಬ ಅರ್ಥಗಳಿವೆ. ದೊಡ್ಡ ನೋಟನ್ನು ಚಿಲ್ಲರೆ ಮಾಡಿಸುವುದಕ್ಕೂ ಜಪಾನೀಯರು ಇದೇ ಕ್ರಿಯಾಪದ ಬಳಸುತ್ತಾರೆ. ನಾವು ‘ನೋಟು ಮುರಿಸುತ್ತೇವೆ’. ಮಂಡಿಯೂರಿ ಬಿಗಿಯಾಗಿ ಕುಳಿತವನು ಕಾಲು ಸಡಿಲಿಸಿ ಕೂರುವುದಕ್ಕೂ, ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆಯದೆ ಹರಿಬರಹದಲ್ಲಿ ಬರೆಯುವುದಕ್ಕೂ ಅದೇ ಧಾತು. ಅಂದರೆ ಒಂದೇ ಏಟಿಗೆ ಮುರಿಯುವ ಕ್ರಿಯೆಯಲ್ಲ ಇದು. ಗಟ್ಟಿಯಾಗಿ ಒಂದಾಗಿದ್ದುದರ ಕಟ್ಟು ಬಿಡುವ ಕ್ರಿಯೆ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ನುಡಿ ನಮ್ಮ ಮನೆಯಂಗಳದಲ್ಲಿಯೇ ಇದೆ. ‘ಆಯ ತಪ್ಪಿ ಬಿದ್ದ’ ಎನ್ನುತ್ತೇವೆ. ಆಯವೆಂದರೆ ಅಳತೆ, ಹದ, ಪ್ರಮಾಣ. ಮನೆ ಕಟ್ಟುವಾಗ ನೋಡುವ ಆಯವೂ ಅದೇ. ದೇಹಕ್ಕೊಂದು ಆಯವಿದೆ, ಅದು ತಪ್ಪಿದರೆ ಬೀಳುತ್ತೇವೆ ಎಂಬ ತಿಳಿವಳಿಕೆ ಈ ನುಡಿಯೊಳಗಿದೆ. ಬೀಳುವ ಬಗೆಗಳಲ್ಲಿ ಕನ್ನಡ ಮಾಡುವ ಭೇದಗಳೂ ಸೂಕ್ಷ್ಮವಾಗಿವೆ. ಕಾಲಿಗೆ ಅಡ್ಡ ಸಿಕ್ಕಿದರೆ ಎಡವುವುದು, ತೂಕ ಮುಂದಕ್ಕೆ ಹೋದರೆ ಮುಗ್ಗರಿಸುವುದು, ನೆಲ ಹಿಡಿತ ಕೊಡದಿದ್ದರೆ ಜಾರುವುದು, ಒಂದು ಮಗ್ಗುಲಿಗೆ ವಾಲುವುದು, ನಿಂತಲ್ಲೇ ತತ್ತರಿಸುವುದು. ಬಿದ್ದ ಮೇಲೆ ಅಂಗಾತ, ಬೋರಲು, ಮಗ್ಗುಲು. ಆದರೆ ಇವೆಲ್ಲವೂ ಬೀಳುವವನ ಕಡೆಯಿಂದ ಹೇಳಿದ ಮಾತುಗಳು. ಆಯ ‘ತಪ್ಪುತ್ತದೆ’, ಯಾರೂ ತಪ್ಪಿಸುವುದಿಲ್ಲ. ಅಪಘಾತದ ಭಾಷೆ ನಮ್ಮಲ್ಲಿ ಸಮೃದ್ಧವಾಗಿದೆ, ಅದನ್ನು ಉದ್ದೇಶಪೂರ್ವಕವಾಗಿ ಉಂಟುಮಾಡುವ ಕರ್ತೃವಿನ ಭಾಷೆ ಬಡವಾಗಿದೆ. ‘ಆಯ ತಪ್ಪಿಸುವುದು’ ಎಂಬ ಪ್ರೇರಣಾರ್ಥಕ ರೂಪವನ್ನು ಈ ಲೇಖನದಲ್ಲಿ ಪಾರಿಭಾಷಿಕವಾಗಿ ಬಳಸುತ್ತಿರುವುದು ಈ ಕಾರಣದಿಂದ.

ಇದರ ತತ್ವ ಸರಳ. ನಿಂತ ದೇಹದ ಭಾರದ ರೇಖೆ ಎರಡು ಪಾದಗಳು ಆವರಿಸಿದ ಜಾಗದೊಳಗೆ ಬೀಳುವವರೆಗೆ ಅವನು ನಿಲ್ಲಬಲ್ಲ. ಪಾದಗಳನ್ನು ಅಗಲಿಸಿ ನಿಂತರೆ ಆ ಎರಡು ಪಾದಗಳನ್ನು ಸೇರಿಸುವ ಗೆರೆಯ ಗುಂಟ ಅವನು ಬಲಿಷ್ಠ. ಆ ಗೆರೆಗೆ ಅಡ್ಡಲಾಗಿ ತಳ್ಳಿದರೆ ದುರ್ಬಲ. ಮೂರನೆಯ ಕಾಲಿಲ್ಲದ ಸ್ಟೂಲು ಯಾವ ಕಡೆ ಬೀಳುತ್ತದೆಯೋ ಆ ಕಡೆ ಮನುಷ್ಯನೂ ಬೀಳುತ್ತಾನೆ. ಬಲ ಎಷ್ಟು ಎಂಬುದಕ್ಕಿಂತ ಯಾವ ದಿಕ್ಕಿಗೆ ಎಂಬುದು ಮುಖ್ಯವಾಗುವುದು ಹೀಗೆ. ಕಾನೊ ಇದನ್ನು ಅಂಕಗಳಲ್ಲಿ ವಿವರಿಸುತ್ತಿದ್ದ. ಎದುರಾಳಿಯ ಬಲ ಹತ್ತು, ನನ್ನದು ಏಳು ಎಂದಿಟ್ಟುಕೊಳ್ಳೋಣ. ಅವನು ತಳ್ಳಿದಾಗ ಎದುರಿಸಿ ನಿಂತರೆ ಸೋಲು ನನ್ನದೇ. ಅವನು ತಳ್ಳಿದಷ್ಟೇ ಹಿಂದೆ ಸರಿದರೆ, ತಡೆ ಸಿಗದ ಅವನು ಮುಂದಕ್ಕೆ ವಾಲುತ್ತಾನೆ. ಆ ಸ್ಥಿತಿಯಲ್ಲಿ ಅವನ ಬಲ ಮೂರಕ್ಕೆ ಇಳಿದಿರುತ್ತದೆ. ಆಯ ಉಳಿಸಿಕೊಂಡ ನನ್ನ ಏಳು ಏಳಾಗಿಯೇ ಇದೆ; ಅದರಲ್ಲಿ ಅರ್ಧ ಖರ್ಚು ಮಾಡಿದರೂ ಸಾಕು. ಈ ಲೆಕ್ಕ ಪ್ರಯೋಗಾಲಯದ ಅಳತೆಯಲ್ಲ, ದೃಷ್ಟಾಂತ. ಆದರೂ ಇದರಲ್ಲಿ ಎರಡನೆಯ ಭಾಗವನ್ನು ಹಲವರು ಮರೆಯುತ್ತಾರೆ. ಅವನ ಬಲ ಕುಂದಬೇಕಾದರೆ ನನ್ನ ಬಲ ಕುಂದದೆ ಇರಬೇಕು.

ಹೊಸಬರು ಸೋಲುವುದು ಇಲ್ಲಿಯೇ. ಎಳೆಯಬೇಕು ಎಂದೊಡನೆ ತೋಳಿನಿಂದ ಎಳೆಯುತ್ತಾರೆ. ಮೊಣಕೈ ದೇಹದಿಂದ ದೂರ ಸರಿಯುತ್ತದೆ, ತಲೆ ಬಗ್ಗುತ್ತದೆ, ತೂಕ ಹಿಮ್ಮಡಿಗೆ ಹೋಗುತ್ತದೆ. ಎದುರಾಳಿಯ ಆಯ ತಪ್ಪುವ ಮೊದಲು ತಮ್ಮದೇ ತಪ್ಪಿರುತ್ತದೆ. ಒಂದು ಕೈ ತೋಳಂಗಿಯನ್ನೂ ಇನ್ನೊಂದು ಕೊರಳಪಟ್ಟಿಯನ್ನೂ ಹಿಡಿದು, ಎರಡಕ್ಕೂ ಬೇರೆ ಬೇರೆ ಕೆಲಸ ಕೊಟ್ಟು, ಎಳೆತವನ್ನು ತೋಳಿನಿಂದಲ್ಲದೆ ಹೆಜ್ಜೆಯಿಂದ ತರಬೇಕೆಂಬುದು ದೇಹಕ್ಕೆ ಒಪ್ಪಿಗೆಯಾಗಲು ತಿಂಗಳುಗಳು ಹಿಡಿಯುತ್ತವೆ. ಇನ್ನೂ ಕಠಿಣವಾದದ್ದು ಹೊತ್ತನ್ನು ಹಿಡಿಯುವುದು. ಮುಂದಿಟ್ಟ ಪಾದವನ್ನು ಗುಡಿಸಿ ಕೆಡವುವ ‘ದೇಆಶಿ ಬರಾಯಿ’ ಎಂಬ ಪಟ್ಟಿನಲ್ಲಿ ಬಲದ ಪಾತ್ರ ಅತ್ಯಲ್ಪ. ಎದುರಾಳಿಯ ಪಾದ ನೆಲ ಮುಟ್ಟುತ್ತಿದೆ, ತೂಕ ಇನ್ನೂ ಪೂರ್ತಿ ಅದರ ಮೇಲೆ ಬಂದಿಲ್ಲ. ಆ ಸಂದಿಯಲ್ಲಿ ಗುಡಿಸಿದರೆ ದೊಡ್ಡ ದೇಹವೂ ಹಗುರವಾಗಿ ಬೀಳುತ್ತದೆ. ಸ್ವಲ್ಪ ಮುಂಚೆ ಗುಡಿಸಿದರೆ ಅವನು ಕಾಲು ಎತ್ತಿ ತಪ್ಪಿಸಿಕೊಳ್ಳುತ್ತಾನೆ. ಸ್ವಲ್ಪ ತಡವಾದರೆ ಕಂಬವನ್ನು ಒದ್ದಂತಾಗುತ್ತದೆ. ನಡಿಗೆಯೆಂದರೆ ಪ್ರತಿ ಹೆಜ್ಜೆಗೂ ಆಯವನ್ನು ಕಳೆದುಕೊಂಡು ಮತ್ತೆ ಪಡೆಯುವ ಕ್ರಿಯೆ. ಕಳೆದುಕೊಂಡದ್ದಕ್ಕೂ ಪಡೆಯುವುದಕ್ಕೂ ನಡುವೆ ಕೈಹಾಕುವುದೇ ಇಲ್ಲಿನ ವಿದ್ಯೆ.

ಎದುರಾಳಿಯೇ ತನ್ನ ಆಯವನ್ನು ತಂದುಕೊಡುವ ಇನ್ನೊಂದು ದಾರಿಯೂ ಇದೆ. ತಳ್ಳಿದರೆ ಯಾರಾದರೂ ತಿರುಗಿ ತಳ್ಳುತ್ತಾರೆ; ಆ ಮರುತಳ್ಳನ್ನು ಎಳೆತವಾಗಿ ಬಳಸಿಕೊಳ್ಳುವುದು. ಇದು ಬಲಪ್ರಯೋಗಕ್ಕಿಂತ ಸಂಭಾಷಣೆಗೆ ಹತ್ತಿರವಾದ ಕ್ರಿಯೆ. ಒಂದು ಪ್ರಶ್ನೆ ಹಾಕಿ, ಬರುವ ಉತ್ತರವನ್ನು ಮೊದಲೇ ಬಲ್ಲವನಾಗಿ ಕಾಯುವುದು.

3

ಕಾನೊನ ವಿಂಗಡಣೆಯನ್ನು ಮೆಚ್ಚುವಾಗ ಅದರೊಳಗಿನ ತೊಡಕನ್ನೂ ಕಾಣಬೇಕಾಗುತ್ತದೆ. ಮೂರು ಹಂತಗಳು ಎಂದೊಡನೆ ಒಂದರ ಬಳಿಕ ಒಂದು ಎಂಬ ಭಾವನೆ ಬರುತ್ತದೆ. ಕೈಪಿಡಿಗಳ ಚಿತ್ರಗಳಲ್ಲಿ ಎದುರಾಳಿ ಮೊದಲು ಬೆರಳ ತುದಿಯ ಮೇಲೆ ನಿಂತಿರುತ್ತಾನೆ, ಆಮೇಲೆ ಎಸೆಯುವವನು ತಿರುಗಿ ಒಳಬರುತ್ತಾನೆ, ಆಮೇಲೆ ಎಸೆತ. ಶಾಲೆಗಳಲ್ಲಿ ‘ಉಚಿಕೊಮಿ’ ಎಂಬ ಹೆಸರಿನಲ್ಲಿ, ಅಲುಗದೆ ನಿಂತ ಜೊತೆಗಾರನ ಮೇಲೆ ಒಳಬರುವ ಚಲನೆಯನ್ನು ನೂರಾರು ಸಲ ಮಾಡಿಸುತ್ತಾರೆ. ಪಂದ್ಯದಲ್ಲಿ ಯಾರೂ ಹಾಗೆ ನಿಂತಿರುವುದಿಲ್ಲ. ಅಲ್ಲಿ ಆಯ ತಪ್ಪಿಸುವುದೂ ಒಳಬರುವುದೂ ಒಂದೇ ಚಲನೆಯ ಎರಡು ಮುಖಗಳು. ಎಷ್ಟೋ ಸಲ ಒಳಬಂದ ದೇಹದ ತಾಕುವಿಕೆಯೇ ಎದುರಾಳಿಯ ಆಯ ತಪ್ಪಿಸುತ್ತದೆ. ಪಾಠಕ್ಕೆಂದು ಬಿಡಿಸಿದ್ದು ಪಾಠದಲ್ಲಿಯೇ ಉಳಿದು, ಕಲಿತವನು ವ್ಯಾಕರಣ ಬಲ್ಲ ಆದರೆ ಮಾತು ಬಾರದವನಾಗುವ ಅಪಾಯವಿದೆ. ಫುಕುದಾ ಹೇಳಿದ ‘ಸಾವಿರ ಸಲ’ದ ಮಾತಿಗೆ ಈ ಹಂತದಲ್ಲಿ ಬೆಲೆ ಬರುತ್ತದೆ. ಕಾನೊ ಕೂಡ ಇದನ್ನು ಅರಿತಿದ್ದಂತೆ ತೋರುತ್ತದೆ. ರೂಪಬದ್ಧ ಅಭ್ಯಾಸವಾದ ‘ಕಾತಾ’ದ ಜೊತೆಗೆ ಮುಕ್ತ ಸೆಣಸಾಟವಾದ ‘ರಂದೊರಿ’ಯನ್ನು ಅವನು ತನ್ನ ಶಾಲೆಯ ಜೀವಾಳವನ್ನಾಗಿಸಿದ.

ಇನ್ನೊಂದು ಅಂಶ ಹೆಚ್ಚು ಗಮನಾರ್ಹ. ಜೂಡೋ ಶಾಲೆಯಲ್ಲಿ ಮೊದಲು ಕಲಿಸುವುದು ಎಸೆಯುವುದನ್ನಲ್ಲ, ಬೀಳುವುದನ್ನು. ಗದ್ದವನ್ನು ಎದೆಗೆ ಒತ್ತಿ, ತೋಳಿನಿಂದ ಚಾಪೆಯನ್ನು ಬಡಿದು, ಏಟನ್ನು ಹರಡಿಕೊಳ್ಳುವ ‘ಉಕೆಮಿ’. ಇದನ್ನು ಕೇವಲ ಸುರಕ್ಷತೆಯ ಕ್ರಮವೆಂದು ವಿವರಿಸುವುದು ವಾಡಿಕೆ. ಆದರೆ ನೂರಾರು ಸಲ ಬಿದ್ದವನಿಗೆ ಮಾತ್ರ ಆಯ ತಪ್ಪುವುದು ಒಳಗಿನಿಂದ ಹೇಗಿರುತ್ತದೆ ಎಂದು ಗೊತ್ತಿರುತ್ತದೆ. ಯಾವ ಬಿಂದುವಿನಲ್ಲಿ ಹಿಂದಿರುಗಲು ಸಾಧ್ಯವಿತ್ತು, ಯಾವ ಬಿಂದುವಿನ ಆಚೆಗೆ ಸಾಧ್ಯವಿಲ್ಲವಾಯಿತು ಎಂಬುದು ಅವನ ಬೆನ್ನಿಗೆ ತಿಳಿದಿರುತ್ತದೆ. ಸೋಲು ಇಲ್ಲಿ ಆಕರವಾಗುತ್ತದೆ. ಬೆನ್ನು ಮಣ್ಣು ಮುಟ್ಟಿದರೆ ಆಟ ಮುಗಿಯಿತೆನ್ನುವ ಕುಸ್ತಿಯ ಸಂಸ್ಕೃತಿಯಲ್ಲಿ ಬೀಳುವುದಕ್ಕೆ ಈ ಘನತೆ ಸುಲಭವಾಗಿ ದೊರೆಯದು. ನಮ್ಮ ಬರಹಗಳು ಬಿದ್ದವನನ್ನು ಸಾಕ್ಷಿಯಾಗಿ ಕರೆಯದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

4

ಈಗ ನಮ್ಮ ಆಕರಗಳಿಗೆ ಬರೋಣ. ಮಹಾಭಾರತದ ಸಭಾಪರ್ವದಲ್ಲಿ ಭೀಮ ಜರಾಸಂಧರ ಸೆಣಸಾಟದ ವರ್ಣನೆಯೊಳಗೆ ಚಿತ್ರಹಸ್ತ, ಕಕ್ಷಾಬಂಧ, ಪೂರ್ಣಕುಂಭ, ತೃಣಪೀಡ ಮುಂತಾದ ಪಾರಿಭಾಷಿಕ ಪದಗಳು ಬರುತ್ತವೆ. ಇವು ಬಲ್ಲವರಿಗೆ ಸಂಕೇತಗಳು, ಉಳಿದವರಿಗೆ ನಾದ. ವ್ಯಾಖ್ಯಾನಕಾರರು ಅರ್ಥ ಹೇಳಬೇಕಾಗಿ ಬಂದದ್ದೇ ಹೆಸರು ಉಳಿದು ಕ್ರಿಯೆ ಮರೆಯಾಗುತ್ತಿತ್ತು ಎಂಬುದಕ್ಕೆ ಸಾಕ್ಷಿ. ಆ ಸೆಣಸಾಟ ಹದಿಮೂರು ದಿನ ನಡೆದು ಹದಿನಾಲ್ಕನೆಯ ರಾತ್ರಿ ಜರಾಸಂಧ ದಣಿಯುತ್ತಾನೆ. ದಣಿದ ಶತ್ರುವನ್ನು ಹೆಚ್ಚು ಪೀಡಿಸಬಾರದು ಎಂದು ಕೃಷ್ಣ ಹೇಳುವ ಮಾತು ವಾಸ್ತವದಲ್ಲಿ ಭೀಮನಿಗೆ ಕೊಡುವ ಸೂಚನೆ. ದಣಿವು ಆಯ ತಪ್ಪುವಿಕೆಯ ಅತ್ಯಂತ ಒರಟು ರೂಪ. ಅದಕ್ಕಿಂತ ಕುತೂಹಲಕರವಾದದ್ದು ಈ ತಿಳಿವಳಿಕೆ ಕಣದ ಹೊರಗೆ ನಿಂತವನಿಂದ ಬರುತ್ತದೆ ಎಂಬುದು. ಗರಡಿಯ ಅಂಚಿನಲ್ಲಿ ಕುಳಿತ ಉಸ್ತಾದರ ಸ್ಥಾನದಲ್ಲಿ ಕೃಷ್ಣನಿದ್ದಾನೆ.

ಆಯ ತಪ್ಪಿದ ಕ್ಷಣವನ್ನೇ ಹಿಡಿದಿಟ್ಟ ಸಂದರ್ಭವೂ ಮಹಾಭಾರತದಲ್ಲಿ ಇಲ್ಲದಿಲ್ಲ. ಅದು ಮಲ್ಲಯುದ್ಧದಲ್ಲಲ್ಲ, ಶಲ್ಯಪರ್ವದ ಗದಾಯುದ್ಧದಲ್ಲಿ. ಏಟನ್ನು ತಪ್ಪಿಸಿಕೊಳ್ಳಲು ದುರ್ಯೋಧನ ಮೇಲಕ್ಕೆ ಹಾರುತ್ತಾನೆ. ಆಗ ಭೀಮನ ಗದೆ ಅವನ ತೊಡೆಗೆ ಬೀಳುತ್ತದೆ. ಹಾರಿದವನಿಗೆ ನೆಲವಿಲ್ಲ, ನೆಲವಿಲ್ಲದವನು ದಿಕ್ಕು ಬದಲಿಸಲಾರ. ಗದೆಯಲ್ಲಿ ಹೆಚ್ಚು ಪಳಗಿದವನು ತನ್ನ ಪಳಗುವಿಕೆಯ ಚಲನೆಯಿಂದಲೇ ಸೋಲುತ್ತಾನೆ. ಧರ್ಮಾಧರ್ಮದ ಚರ್ಚೆಯಲ್ಲಿ ಈ ಹಾರುವಿಕೆಯ ಸೂಕ್ಷ್ಮ ನಮ್ಮ ವಿಮರ್ಶೆಯಲ್ಲಿ ಬಹುಮಟ್ಟಿಗೆ ಕಾಣೆಯಾಗಿದೆ. ತೊಡೆಗೆ ಹೊಡೆದದ್ದು ಸರಿಯೇ ಎಂದು ಕೇಳಿದಷ್ಟು, ತೊಡೆ ಸಿಕ್ಕಿದ್ದು ಹೇಗೆ ಎಂದು ನಾವು ಕೇಳಿಲ್ಲ.

ಕೀಚಕವಧೆಯನ್ನೂ ಇದೇ ಕಣ್ಣಿನಿಂದ ನೋಡಬಹುದು. ಕತ್ತಲ ನಾಟ್ಯಶಾಲೆಗೆ ಸೈರಂಧ್ರಿಯನ್ನು ನೆನೆದು ಬಂದ ಕೀಚಕನ ಕೈ ಮೃದುವಾಗಿ ಚಾಚಿರುತ್ತದೆ, ಅಲ್ಲಿರುವವನು ಭೀಮ. ಮೈಗೆ ಮೈ ತಾಗುವ ಮೊದಲೇ ಕೀಚಕನ ಆಯ ತಪ್ಪಿದೆ. ನಿರೀಕ್ಷೆಯನ್ನು ಒಂದು ದಿಕ್ಕಿಗೆ ವಾಲಿಸಿ ಇನ್ನೊಂದು ದಿಕ್ಕಿನಿಂದ ಹಿಡಿಯುವುದು ಕಣದಲ್ಲಿಯೂ ನಿತ್ಯ ನಡೆಯುವ ಸಂಗತಿ.

ಪಂಪನ ಆದಿಪುರಾಣದಲ್ಲಿ ದೃಷ್ಟಿಯುದ್ಧ, ಜಲಯುದ್ಧಗಳ ಬಳಿಕ ಭರತ ಬಾಹುಬಲಿಗಳ ಮಲ್ಲಯುದ್ಧ ಬರುತ್ತದೆ. ಬಾಹುಬಲಿ ಅಣ್ಣನನ್ನು ಎತ್ತಿಬಿಡುತ್ತಾನೆ, ಆದರೆ ನೆಲಕ್ಕೆ ಅಪ್ಪಳಿಸುವುದಿಲ್ಲ. ಮಲ್ಲವಿದ್ಯೆಯ ಭಾಷೆಯಲ್ಲಿ ಇದು ಆಯ ತಪ್ಪಿಸಿ ಎಸೆತವನ್ನು ಕೈಬಿಟ್ಟ ಸ್ಥಿತಿ. ನೆಲದಿಂದ ಬೇರ್ಪಟ್ಟ ಚಕ್ರವರ್ತಿಗೆ ಆಗುವ ಅವಮಾನ ಬಿದ್ದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು. ಚಕ್ರಪ್ರಯೋಗಕ್ಕೆ ಕೈಹಾಕುವಂತೆ ಮಾಡುವುದು ಅದೇ. ಎತ್ತುವುದಕ್ಕೆ ಮುನ್ನ ಭರತನ ಕಾಲು ನೆಲ ಬಿಟ್ಟದ್ದು ಹೇಗೆಂಬುದು ಪಂಪನಿಗೆ ಮುಖ್ಯವಲ್ಲ, ಅವನ ಕಾವ್ಯದ ಗುರಿ ಬೇರೆ. ಅದನ್ನು ಕೊರತೆಯೆನ್ನುವುದು ಸಲ್ಲದು. ರತ್ನಾಕರವರ್ಣಿಯಂತೂ ಭರತೇಶ ವೈಭವದಲ್ಲಿ ಯುದ್ಧವನ್ನೇ ಬಿಟ್ಟು ಭರತನ ಮಾತಿನಿಂದಲೇ ತಮ್ಮನ ಮನಸ್ಸನ್ನು ಗೆಲ್ಲಿಸುತ್ತಾನೆ.

ಕಾವ್ಯವನ್ನು ಬಿಟ್ಟರೂ ಶಾಸ್ತ್ರವನ್ನು ಬಿಡುವಂತಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣ ಈ ನಾಡಿನ ಮಲ್ಲವಿದ್ಯೆಗೆ ಅತ್ಯಮೂಲ್ಯ ದಾಖಲೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವರ್ಗೀಕರಿಸುತ್ತದೆ, ಭಾರ ಎತ್ತುವ, ನಡೆಯುವ, ಈಜುವ, ಕಂಬದ ಮೇಲೆ ಮಾಡುವ ವ್ಯಾಯಾಮಗಳನ್ನು ‘ಶ್ರಮ’ಗಳೆಂದು ಹೆಸರಿಸುತ್ತದೆ, ಆಹಾರ, ಕಣ, ಬಹುಮಾನಗಳನ್ನು ಹೇಳುತ್ತದೆ. ಹಿಡಿತಗಳನ್ನು ಹೆಸರಿಸುವಲ್ಲಿಯೂ ಉದಾರವಾಗಿದೆ. ಆದರೆ ಗ್ರಂಥದ ಹೆಸರೇ ಹೇಳುವಂತೆ ಇದು ‘ವಿನೋದ’. ಬರೆದವನು ಪ್ರೇಕ್ಷಕಪೀಠದಲ್ಲಿ ಕುಳಿತ ದೊರೆ. ಮಲ್ಲನನ್ನು ಸಾಕುವುದು, ಜೋಡಿ ಕಟ್ಟುವುದು, ಯಾರು ಗೆದ್ದರೆಂದು ತೀರ್ಮಾನಿಸುವುದು ಅವನ ಕಾಳಜಿ. ಕಲಿಯುವವನ ಪ್ರಶ್ನೆ ಅವನಿಗೆ ಎದುರಾಗಿಲ್ಲ. ಗುಜರಾತಿನ ಜ್ಯೇಷ್ಠಿಮಲ್ಲರ ಪರಂಪರೆಯ ಮಲ್ಲಪುರಾಣ ಮಲ್ಲರ ಒಳಗಿನಿಂದಲೇ ಬಂದ ಗ್ರಂಥ. ಆದರೂ ಅದರ ಒತ್ತು ಸಮುದಾಯದ ದೈವಿಕ ಮೂಲ, ಆಚಾರ, ಆಹಾರ, ವ್ಯಾಯಾಮಗಳ ಕಡೆಗಿದೆ.

5

ಆಧುನಿಕ ಅಧ್ಯಯನಗಳಲ್ಲಿ ಜೋಸೆಫ್ ಆಲ್ಟರ್ ಬನಾರಸಿನ ಅಖಾಡಗಳನ್ನು ಕುರಿತು 1992ರಲ್ಲಿ ಪ್ರಕಟಿಸಿದ ‘ದಿ ರೆಸ್ಲರ್ಸ್ ಬಾಡಿ’ ಪ್ರಮುಖವಾದುದು. ಮಣ್ಣು, ಹಾಲು, ಬಾದಾಮಿ, ಬ್ರಹ್ಮಚರ್ಯ, ಹನುಮಂತ, ಗುರು, ನಾಗಪಂಚಮಿ ಇವುಗಳ ಮೂಲಕ ಪೈಲ್ವಾನನ ದೇಹವನ್ನು ಒಂದು ಮೌಲ್ಯವ್ಯವಸ್ಥೆಯಾಗಿ ಓದುವ ಈ ಕೃತಿ ನಮ್ಮ ಸಂಶೋಧಕರ ಮೇಲೆಯೂ ಪ್ರಭಾವ ಬೀರಿದೆ. ಪೈಂತರಾ, ದಾಂವ್, ಪೇಚುಗಳ ಬಗ್ಗೆ ಆಲ್ಟರ್ ಬರೆಯುತ್ತಾನಾದರೂ ಪುಸ್ತಕದ ಭಾರ ಅವುಗಳ ಮೇಲಿಲ್ಲ. ದೇಹವೆಂಬುದು ಅರ್ಥದ ವಾಹಕವಾದಾಗ ಆ ದೇಹ ಮಾಡುವ ಕೆಲಸ ಹಿಂದೆ ಸರಿಯುತ್ತದೆ. ನಮ್ಮ ಜಾನಪದ ಸಂಪುಟಗಳಲ್ಲಿ ಈ ಪ್ರವೃತ್ತಿ ಇನ್ನೂ ಸ್ಪಷ್ಟ. ಗರಡಿಮನೆಯ ತಗ್ಗು ಬಾಗಿಲು, ಕೆಮ್ಮಣ್ಣಿಗೆ ಬೆರೆಸುವ ಎಣ್ಣೆ, ತುಪ್ಪ, ಅರಿಶಿನ, ದಂಡ, ಬಸ್ಕಿ, ಗದೆ, ಪೂಜೆಯ ವಿಧಾನ ಎಲ್ಲವೂ ನಿಖರವಾಗಿ ದಾಖಲಾಗುತ್ತವೆ. ಬಳಿಕ ‘ಪಟ್ಟುಗಳು’ ಎಂಬ ಶೀರ್ಷಿಕೆಯಡಿ ಒಂದು ಪಟ್ಟಿ. ಧೋಬಿಪಛಾಡ್, ಢಾಕ್, ಟಾಂಗ್ ಎಂದು ಹೆಸರುಗಳು. ಆ ಪಟ್ಟಿಯನ್ನು ಓದಿ ಯಾರೂ ಒಂದು ಮಗುವನ್ನೂ ಕೆಡವಲಾರರು. ಪಟ್ಟಿ ಮಾಡುವುದನ್ನೇ ಸಂಶೋಧನೆಯೆಂದು ತಿಳಿದ ಒಂದು ಕಾಲದ ಗುರುತು ಅದು. ಪೂಜೆಯ ವಿಧಾನವನ್ನು ಕೇಳಲು ನಮಗೆ ಭಾಷೆಯಿತ್ತು, ಹೆಜ್ಜೆಯ ವಿಧಾನವನ್ನು ಕೇಳಲು ಇರಲಿಲ್ಲ.

ಹಾಗೆಂದು ಕುಜುಶಿಯ ಎಂಟು ದಿಕ್ಕುಗಳನ್ನು ತಂದು ಗರಡಿಯ ಮೇಲೆ ಹೊದಿಸಿದರೆ ಇನ್ನೊಂದು ಅನ್ಯಾಯವಾಗುತ್ತದೆ. ಜೂಡೋದಲ್ಲಿ ಹಿಡಿಯಲು ಅಂಗಿಯಿದೆ, ನೆಟ್ಟಗಿನ ನಿಲುವಿದೆ, ಪಾದ ಜಾರುವ ಚಾಪೆಯಿದೆ. ಕುಸ್ತಿಯಲ್ಲಿ ಹಿಡಿಯಲು ಬೆವರಿದ ಮೈ ಮತ್ತು ಲಂಗೋಟಿ ಮಾತ್ರ. ನಿಲುವು ತಗ್ಗಿನದು, ಹಣೆಗೆ ಹಣೆ ಕೊಟ್ಟು, ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಮಣಿಕಟ್ಟಿನ ಮೇಲೆ. ಸಡಿಲ ಮಣ್ಣಿನಲ್ಲಿ ಪಾದ ಹೂಳುತ್ತದೆ. ಗುಡಿಸುವ ಪಟ್ಟುಗಳಿಗೆ ಅಲ್ಲಿ ಎಡೆ ಕಡಿಮೆ. ಕತ್ತನ್ನು ಒತ್ತಿ ತಲೆಯನ್ನು ಕೆಳಗಿಳಿಸಿದರೆ ಬೆನ್ನೆಲುಬು ಬಾಗುತ್ತದೆ, ತೂಕ ಮುಂಗಾಲಿಗೆ ಬರುತ್ತದೆ. ಅವನು ತಲೆಯೆತ್ತಲು ಹೆಣಗಿದಾಗ ಕಾಲು ಬರಿದಾಗುತ್ತದೆ. ತೋಳನ್ನು ಅಡ್ಡಕ್ಕೆ ಎಳೆದರೆ ಮಗ್ಗುಲು ತೆರೆದು ಹಿಂದೆ ಸೇರಲು ದಾರಿಯಾಗುತ್ತದೆ. ಹತ್ತು ಹದಿನೈದು ನಿಮಿಷ ಕತ್ತಿನ ಮೇಲೆ ಬರಿಯ ಭಾರ ಹಾಕಿ ತಾಳ್ಮೆಯಿಂದ ಕಾಯುವುದೂ ಇಲ್ಲಿ ಆಯ ತಪ್ಪಿಸುವ ಕ್ರಮವೇ. ನೋಡುವವರಿಗೆ ಏನೂ ನಡೆಯುತ್ತಿಲ್ಲವೆನಿಸುತ್ತದೆ. ಇವುಗಳಿಗೆ ಎಂಟು ದಿಕ್ಕುಗಳ ಜಾಲರಿ ಹೊಂದದು. ಗರಡಿಯ ಒಳಗಿನಿಂದಲೇ ಪರಿಭಾಷೆ ಹುಟ್ಟಬೇಕು.

ಅದಕ್ಕೆ ಸಮಯ ಹೆಚ್ಚಿಲ್ಲ ಎಂಬುದೇ ಆತಂಕದ ಸಂಗತಿ. ಮೈಸೂರಿನಲ್ಲಿ ಅರಮನೆಯ ಆಶ್ರಯದಿಂದ, ಉತ್ತರ ಕರ್ನಾಟಕದಲ್ಲಿ ಶಾಹೂ ಮಹಾರಾಜರ ಕಾಲದಿಂದ ಪ್ರವರ್ಧಮಾನಕ್ಕೆ ಬಂದ ಕೊಲ್ಹಾಪುರದ ತಾಲೀಮುಗಳ ನಂಟಿನಿಂದ ಬೆಳೆದ ಎರಡು ಭಿನ್ನ ಗರಡಿಸಂಸ್ಕೃತಿಗಳು ನಮ್ಮಲ್ಲಿವೆ. ಇಂದು ನಾಡಕುಸ್ತಿಯ ಜೊತೆಗೆ ಮ್ಯಾಟಿನ ಮೇಲಿನ ಪಾಯಿಂಟ್ ಕುಸ್ತಿ ಬಂದಿದೆ. ಪದಕ, ಕ್ರೀಡಾ ವಸತಿನಿಲಯ, ಉದ್ಯೋಗ ಎಲ್ಲವೂ ಎರಡನೆಯದರ ಕಡೆಗಿವೆ. ಹುಡುಗರು ಅಲ್ಲಿಗೆ ಹೋಗುವುದು ಸಹಜ, ಅದನ್ನು ಆಕ್ಷೇಪಿಸುವುದು ಪಟ್ಟಣದ ಮೇಜಿನ ಹಿಂದೆ ಕುಳಿತವರಿಗೆ ಶೋಭಿಸದು. ಆದರೆ ಮ್ಯಾಟಿನಲ್ಲಿ ಹೊತ್ತು ಅಳತೆಯದು, ಕಾಯುವವನಿಗೆ ಎಚ್ಚರಿಕೆ ಬೀಳುತ್ತದೆ. ಮಣ್ಣಿನ ಮೇಲಿನ ನಿಧಾನದ ಆಯತಪ್ಪಿಸುವಿಕೆ ಅಲ್ಲಿ ಕೆಲಸಕ್ಕೆ ಬಾರದ ವಿದ್ಯೆ. ಕೆಲಸಕ್ಕೆ ಬಾರದ್ದು ದೇಹಗಳಿಂದ ಬೇಗ ಅಳಿಯುತ್ತದೆ, ಬರಹದಲ್ಲಿ ಅದು ಮೊದಲೇ ಇಲ್ಲ.

ಕ್ಷೇತ್ರಕಾರ್ಯಕ್ಕೆ ಹೋಗುವವರು ಉಸ್ತಾದರನ್ನು ‘ನಿಮಗೆ ಎಷ್ಟು ಪಟ್ಟು ಗೊತ್ತು’ ಎಂದು ಕೇಳುವುದನ್ನು ಬಿಟ್ಟು, ‘ಇವನು ಈಗ ಬೀಳುತ್ತಾನೆಂದು ನಿಮಗೆ ಹೇಗೆ ಗೊತ್ತಾಯಿತು’ ಎಂದು ಕೇಳಿದರೆ ದೊರೆಯುವ ಉತ್ತರ ಬೇರೆಯಾಗಿರುತ್ತದೆ. ಬಿದ್ದವನನ್ನೂ ಕೇಳಬೇಕು. ಛಾಯಾಚಿತ್ರಕ್ಕಿಂತ ಚಲನಚಿತ್ರ, ಅದರಲ್ಲಿಯೂ ಪಾದಗಳ ಚಿತ್ರ ಬೇಕು. ಒಂದೇ ಪಟ್ಟು ಫಲಿಸಿದ ಹತ್ತು ಸಲವನ್ನೂ ಫಲಿಸದ ಹತ್ತು ಸಲವನ್ನೂ ಉಸ್ತಾದರ ಮುಂದಿಟ್ಟು ಮಾತನಾಡಿಸಬೇಕು. ಅವರು ಬಳಸುವ ಒಂದೊಂದು ಕ್ರಿಯಾಪದವನ್ನೂ, ಮೈಸೂರಿನದು ಬೇರೆ ಬೆಳಗಾವಿಯದು ಬೇರೆ ಎಂಬ ಎಚ್ಚರದೊಂದಿಗೆ, ಬರೆದುಕೊಳ್ಳಬೇಕು. ನಿಘಂಟು ಹುಟ್ಟುವುದು ನಾಮಪದಗಳಿಂದಲ್ಲ, ಈ ಕ್ರಿಯಾಪದಗಳಿಂದ.

ಸಂರಕ್ಷಣೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ದಸರೆಯ ವಜ್ರಮುಷ್ಟಿ ಕಾಳಗವನ್ನು ಉದಾಹರಿಸುತ್ತೇವೆ. ತಲೆ ಬೋಳಿಸಿದ ಜಟ್ಟಿಗಳು ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಸೆಣಸುತ್ತಾರೆ. ನೆತ್ತರು ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಎಷ್ಟೋ ಸಲ ಅದು ಕ್ಷಣಗಳ ಮಾತು. ಉಳಿದಿರುವುದು ಆಚರಣೆ. ಅತ್ತ ಕಾನೊ ತನ್ನ ಗುರು ಈಕುಬೊನ ಕಿತೊ ಪಂಥದಿಂದ ಕವಚಧಾರಿ ಯೋಧರ ಇಪ್ಪತ್ತೊಂದು ಪಟ್ಟುಗಳ ಸರಣಿಯೊಂದನ್ನು ‘ಕೊಶಿಕಿ ನೊ ಕಾತಾ’ ಎಂಬ ಹೆಸರಿನಲ್ಲಿ ಕೊಡೊಕಾನಿನಲ್ಲಿ ಉಳಿಸಿಕೊಂಡ. ಕವಚ ಯಾರೂ ತೊಡುವುದಿಲ್ಲ, ಪಂದ್ಯದಲ್ಲಿ ಅದು ಉಪಯೋಗಕ್ಕೆ ಬರುವುದೂ ಇಲ್ಲ. ಭಾರವಾದ ಕವಚ ತೊಟ್ಟವರಂತೆ ಇಬ್ಬರು ನಿಧಾನವಾಗಿ ನಡೆಯುತ್ತಾರೆ, ಒಬ್ಬನ ನಿಲುವು ಇನ್ನೊಬ್ಬನ ಕೈಯಲ್ಲಿ ಮೆಲ್ಲನೆ ಕುಸಿಯುತ್ತದೆ. ಎಸೆತ ಅಲ್ಲಿ ನೆಪಮಾತ್ರ. ಗುರುವನ್ನು ಕೆಡವಿದ ಆ ದಿನ ತಾನು ಕಂಡುಕೊಂಡದ್ದನ್ನು ಗುರುವಿನ ಪಂಥದ ಪಟ್ಟುಗಳಲ್ಲಿಯೇ ಗುರುತಿಸಿ, ಅದನ್ನು ನಿಧಾನವಾಗಿ ನೋಡಲು ಬೇಕಾದ ಒಂದು ರೂಪವನ್ನು ಆತ ಕಾಪಾಡಿಕೊಂಡ.